ನೀಲಿ ಗೆರೆಗೆ ಲಾರಿ ಗೊತ್ತಿಲ್ಲ

ಗೂಗಲ್ ಮ್ಯಾಪ್ಸ್‌ನಲ್ಲಿ ದಾರಿ ಕೇಳಿದರೆ ಕೆಲವು ಗುರುತುಗಳು ಸಾಲಾಗಿ ಕಾಣುತ್ತವೆ: ಕಾರು, ಬೈಕು, ಬಸ್ಸು-ರೈಲು, ನಡೆಯುವ ಮನುಷ್ಯ. ಬೈಕಿನ ಗುರುತು ಮೊದಲು ಬಂದದ್ದೇ ನಮ್ಮ ದೇಶಕ್ಕೆ, 2017ರ ಡಿಸೆಂಬರಿನಲ್ಲಿ. ಕಾರು ನುಗ್ಗದ ಗಲ್ಲಿಯಲ್ಲಿ ಸ್ಕೂಟರು ನುಗ್ಗುತ್ತದೆ ಎಂಬುದು ಕಂಪನಿಗೆ ಅರ್ಥವಾಗಿತ್ತು. ಕಾರು ಹತ್ತುವ ಘಾಟಿಯನ್ನೆಲ್ಲ ಲಾರಿ ಹತ್ತಲಾಗದು ಎಂಬುದಕ್ಕೆ ಮಾತ್ರ ಆ ಸಾಲಿನಲ್ಲಿ ಇನ್ನೂ ಜಾಗ ಸಿಕ್ಕಿಲ್ಲ. ಹತ್ತು ಚಕ್ರದ ಲಾರಿಯ ಕ್ಯಾಬಿನ್ನಿನಲ್ಲಿ ದೇವರ ಫೋಟೊ ಪಕ್ಕ ಕೂತ ಫೋನು, ತಾನಿರುವುದು ಕಾರಿನಲ್ಲಿ ಎಂದೇ ತಿಳಿದು ಅಚ್ಚಗನ್ನಡದಲ್ಲಿ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎನ್ನುತ್ತಿರುತ್ತದೆ.

ಮೂರು ಆಕ್ಸಲ್‌ನ ಲಾರಿ ಲೋಡೂ ಸೇರಿ ಎಷ್ಟು ತೂಗಬಹುದು ಎಂಬ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ 25 ಟನ್ನಿನಿಂದ 28.5 ಟನ್ನಿಗೆ ಏರಿಸಿತು. 2020ರ ತಿದ್ದುಪಡಿಯ ನಂತರ ಸರಕು ಲಾರಿಯ ಎತ್ತರ 4 ಮೀಟರ್‌ವರೆಗೆ ಇರಬಹುದು. ಟಾರ್ಪಾಲು ಕಟ್ಟಿ ನಿಂತ ಇಂಥ ಲಾರಿಗೆ ಹತ್ತಿರದ ದಾರಿ ಎಂದರೆ ನಂಬಿಕೆಯ ದಾರಿ. ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗಬೇಕು, ಸೇತುವೆ ಭಾರ ತಡೆಯಬೇಕು, ಮೇಲೆ ತಂತಿ ತಾಗಬಾರದು, ತಪ್ಪಿದರೆ ಹಿಂದಿರುಗಲು ಜಾಗ ಇರಬೇಕು. ಇಷ್ಟು ಇಲ್ಲದ ದಾರಿ ಇಪ್ಪತ್ತು ಕಿಲೋಮೀಟರ್ ಕಡಿಮೆಯಾದರೂ ಲಾರಿಯವನಿಗೆ ಉಪಯೋಗವಿಲ್ಲ.

ಮಲೆನಾಡಿನಿಂದ ಕರಾವಳಿಗೆ ಇಳಿಯುವ ದಾರಿಗಳನ್ನೇ ನೋಡಿ. ತೀರ್ಥಹಳ್ಳಿಯಿಂದ ಉಡುಪಿಗೆ ಆಗುಂಬೆ ಘಾಟಿ ಕಾರಿಗೆ ಸಹಜವಾದ ದಾರಿ. ಹದಿನಾಲ್ಕು ತಿರುವುಗಳ ಆ ಘಾಟಿಯಲ್ಲಿ ಭಾರೀ ವಾಹನಗಳಿಗೆ ಪ್ರವೇಶವಿಲ್ಲ. ಚಾರ್ಮಾಡಿಯಲ್ಲಿ 2019ರ ಮಳೆಗೆ ಗುಡ್ಡ ಕುಸಿದ ಮೇಲೆ ಭಾರೀ ವಾಹನಗಳಿಗೆ ನಿರ್ಬಂಧ ಬಂತು. ಇನ್ನು ಶಿರಾಡಿ. ಬೆಂಗಳೂರು–ಮಂಗಳೂರು ಸರಕು ಸಾಗಣೆಯ ಮುಖ್ಯ ದಾರಿ ಅದೇ, ಮಳೆಗಾಲದಲ್ಲಿ ಪದೇ ಪದೇ ಬಂದ್ ಆಗುವುದೂ ಅದೇ. 2024ರ ಜುಲೈಯಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಪಲೆಯ ಬಳಿ ಮಣ್ಣು ಜಾರಿದಾಗ ಲಾರಿಗಳು ಗಂಟೆಗಟ್ಟಲೆ ಸಾಲುಗಟ್ಟಿ ನಿಂತವು. ಜಿಲ್ಲಾಧಿಕಾರಿ ಆದೇಶ ಹೊರಡಿಸುತ್ತಾರೆ, ಸಂಜೆಗೆ ತಿದ್ದುತ್ತಾರೆ, ಸಣ್ಣ ವಾಹನ ಬಿಡಿ ದೊಡ್ಡದು ಬೇಡ ಎನ್ನುತ್ತಾರೆ. ಆದೇಶದ ಕಾಗದ ಮೊದಲು ತಲುಪುವುದು ವಾಟ್ಸ್ಆ್ಯಪ್ ಗುಂಪುಗಳಿಗೆ. ಅದರಲ್ಲಿ 'ಭಾರೀ ವಾಹನ' ಎಂದರೆ ಆರು ಚಕ್ರವೋ ಹನ್ನೆರಡು ಚಕ್ರವೋ ಎಂಬುದನ್ನು ಚೆಕ್‌ಪೋಸ್ಟಿನಲ್ಲಿ ನಿಂತವರೇ ತೀರ್ಮಾನಿಸಬೇಕು. ಮ್ಯಾಪಿಗೆ ಈ ಸೂಕ್ಷ್ಮ ತಿಳಿಯಬೇಕೆಂದು ಬಯಸುವುದು ಅತಿಯಾಸೆಯೇ ಇರಬಹುದು. ತಿಳಿಯದು ಎಂಬುದನ್ನಾದರೂ ನಾವು ತಿಳಿದಿರಬೇಕು.

ದಾರಿಗಿಂತ ಹೆಚ್ಚಾಗಿ ಕೆಡಿಸುವುದು ಹೊತ್ತು. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ಬಂದ್. ಮೈಸೂರಿನಿಂದ ಗುಂಡ್ಲುಪೇಟೆಗೆ ಸುಮಾರು 60 ಕಿ.ಮೀ. ಆ್ಯಪ್ 8.40ಕ್ಕೆ ಕಾಡಿನ ಗೇಟು ಮುಟ್ಟುತ್ತೀರಿ ಎನ್ನುತ್ತದೆ. ಅದು ಕಾರಿನ ವೇಗದ ಲೆಕ್ಕ. ಲೋಡ್ ಲಾರಿ ಹಂಪಿನಲ್ಲಿ ನಿಂತು, ಏರಿನಲ್ಲಿ ಎರಡನೇ ಗೇರಿಗೆ ಇಳಿದು, 9.10ಕ್ಕೆ ಮುಟ್ಟುತ್ತದೆ. ಅರ್ಧ ಗಂಟೆಯ ಆ ವ್ಯತ್ಯಾಸಕ್ಕೆ ತೆರಬೇಕಾದದ್ದು ಒಂದು ಇಡೀ ರಾತ್ರಿ. ಹಿಂದೆ ಟೊಮೆಟೊ ಇದ್ದರೆ ಬೆಳಿಗ್ಗೆ ಕೋಯಿಕ್ಕೋಡಿನ ಮಾರುಕಟ್ಟೆಯಲ್ಲಿ ಅದರ ದರವೂ ಬೇರೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಅಲ್ಲಿ ಸರಕು ಲಾರಿಗಳಿಗೆ ಸಂಜೆ 6ಕ್ಕೇ ಗೇಟು ಬೀಳುತ್ತದೆ. ಘಾಟಿ, ಕಾಡು ಇರುವ ದಾರಿಯಲ್ಲಿ ಆ್ಯಪ್ ಹೇಳಿದ ಹೊತ್ತಿಗೆ ಅದರ ಅರ್ಧದಷ್ಟಾದರೂ ಸೇರಿಸಿಕೊಳ್ಳಬೇಕು ಎಂಬುದು ನನ್ನ ಅಂದಾಜು. ಹಳೇ ಡ್ರೈವರುಗಳು ಇನ್ನೂ ಹೆಚ್ಚು ಸೇರಿಸುತ್ತಾರೆ.

ಊರೊಳಗೆ ಬೇರೆಯದೇ ಪಾಡು. ರೈಲ್ವೆ ಕೆಳಸೇತುವೆಯ ಮುಂದೆ ಕಬ್ಬಿಣದ ಹೈಟ್ ಗೇಜ್ ನೇತಾಡುತ್ತಿರುತ್ತದೆ. ಅದು ಕಣ್ಣಿಗೆ ಬೀಳುವ ಹೊತ್ತಿಗೆ ಹಿಂದೆ ಟ್ರ್ಯಾಕ್ಟರು, ಅದರ ಹಿಂದೆ ಸ್ಕೂಲ್ ವ್ಯಾನು, ಅದರ ಹಿಂದೆ ಇಡೀ ಊರು. ಮೊದಲು ಇಂಥ ಕಡೆ ಕ್ಲೀನರ್ ಇಳಿದು ಮುಂದೆ ಹೋಗಿ ನೋಡಿ, ಟೀ ಅಂಗಡಿಯಲ್ಲಿ ಕೇಳಿ, ರಿವರ್ಸ್ ತೆಗೆಸುತ್ತಿದ್ದ. ಈಗ ಎಷ್ಟೋ ಲಾರಿಗಳಲ್ಲಿ ಕ್ಲೀನರ್ ಇಲ್ಲ. ಅವನ ಸಂಬಳ ಉಳಿಯಿತು ಎಂದುಕೊಂಡ ಮಾಲೀಕರು ಅವನ ಕೆಲಸವನ್ನು ಫೋನಿಗೆ ವಹಿಸಿದ್ದಾರೆ. ಫೋನು ಇಳಿದು ನೋಡುವುದಿಲ್ಲ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ, ನೆರೆಗೆ ಕೊಚ್ಚಿಹೋಗಿ ಅರ್ಧಕ್ಕೇ ನಿಂತಿದ್ದ ಸೇತುವೆಯಿಂದ ಕಾರೊಂದು ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಅವರು ಮ್ಯಾಪ್ ನಂಬಿ ಬಂದಿದ್ದರೆಂದು ವರದಿಯಾಯಿತು, ಲೋಕೋಪಯೋಗಿ ಎಂಜಿನಿಯರುಗಳ ಮೇಲೆ ಕೇಸೂ ಆಯಿತು. ತಡೆಗೋಡೆ ಹಾಕದವರ ತಪ್ಪು ದೊಡ್ಡದು, ನಿಜ. ಆದರೂ ಕಾರಿನ ದಾರಿಯೇ ಇಷ್ಟು ಎಡವುವಾಗ ಲಾರಿಗೆ ಅದೇ ದಾರಿ ಹೇಳುವ ಆ್ಯಪನ್ನು ಎಷ್ಟು ನಂಬುವುದು?

ಹಾಗಾದರೆ ಲಾರಿಗೆಂದೇ ಮಾಡಿದ ಆ್ಯಪ್ ಇಲ್ಲವೇ? ಇವೆ. ಯುರೋಪು, ಅಮೆರಿಕಗಳಲ್ಲಿ ಸಿಜಿಕ್, ಟಾಮ್‌ಟಾಮ್, ಗಾರ್ಮಿನ್ ಮುಂತಾದವರ ಲಾರಿ ನ್ಯಾವಿಗೇಶನ್ ಹೊರಡುವ ಮೊದಲೇ ಎತ್ತರ, ತೂಕ, ಉದ್ದ, ಆಕ್ಸಲ್ ಎಷ್ಟು, ಅಪಾಯಕಾರಿ ಸರಕಿದೆಯೇ ಎಂದು ಕೇಳುತ್ತದೆ. ಅಲ್ಲಿ ಡ್ರೈವರುಗಳು ಅದಕ್ಕೆ ಹಣ ಕೊಡುತ್ತಾರೆ. ಸೇತುವೆಗಳ ಎತ್ತರವನ್ನು ಸರ್ಕಾರಗಳೇ ಅಳೆದು ಪ್ರಕಟಿಸಿರುತ್ತವೆ. ನಮ್ಮಲ್ಲಿ 1995ರಿಂದ ನಕ್ಷೆ ಮಾಡುತ್ತ ಬಂದಿರುವ ಮ್ಯಾಪ್‌ಮೈಇಂಡಿಯಾ ಕಂಪನಿಗಳಿಗೆ ಮಾರುವ ಸೇವೆಯಲ್ಲಿ ಲಾರಿಗೆ ಬೇರೆಯೇ ದಾರಿಲೆಕ್ಕ ಇಟ್ಟಿದೆ. ಅದೇ ಕಂಪನಿಯ ಮ್ಯಾಪಲ್ಸ್ ಆ್ಯಪ್ ದೊಡ್ಡ ಜಂಕ್ಷನ್ನುಗಳ ಚಿತ್ರ ತೋರಿಸಿ ಯಾವ ಲೇನ್ ಹಿಡಿಯಬೇಕೆಂದು ಹೇಳುವುದರಲ್ಲಿ, ಮುಂದೆ ಹಂಪಿದೆ ಎಂದು ಎಚ್ಚರಿಸುವುದರಲ್ಲಿ ಚೆನ್ನಾಗಿದೆ. ಸ್ವದೇಶಿ ಎಂಬ ಕಾರಣಕ್ಕೆ 2025ರಲ್ಲಿ ಕೇಂದ್ರದ ಮಂತ್ರಿಗಳೇ ಅದನ್ನು ಹೊಗಳಿದ ಮೇಲೆ ಬಹಳ ಜನ ಇಳಿಸಿಕೊಂಡರು. ಸ್ವದೇಶಿಯೋ ವಿದೇಶಿಯೋ, ಯಾವ ಆ್ಯಪನ್ನಾದರೂ ಪರೀಕ್ಷಿಸಲು ಒಂದು ಪ್ರಶ್ನೆ ಸಾಕು: ನನ್ನ ಗಾಡಿ ಎಷ್ಟು ಎತ್ತರ ಎಂದು ಇದು ಕೇಳಿತೇ? ಕೇಳದಿದ್ದರೆ ಅದು ಕಾರಿನ ಆ್ಯಪ್.

ಬಿಟ್ಟಿಯಾಗಿ ಸಿಗುವುದರಲ್ಲಿ ಈ ಪ್ರಶ್ನೆ ಕೇಳುವುದು ಆಸ್ಮ್ಯಾಂಡ್. 2004ರಲ್ಲಿ ಬ್ರಿಟನ್ನಿನ ಸ್ಟೀವ್ ಕೋಸ್ಟ್ ಶುರುಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯ ಮೇಲೆ ಅದು ನಡೆಯುತ್ತದೆ. ಕರ್ನಾಟಕದ ನಕ್ಷೆಯನ್ನು ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ. ಹೆಸರು, ಫೋನ್ ನಂಬರ್, ಖಾತೆ ಯಾವುದೂ ಬೇಡ. ಸೆಟ್ಟಿಂಗ್ಸ್‌ನಲ್ಲಿ ಟ್ರಕ್ ಪ್ರೊಫೈಲ್ ಚಾಲೂ ಮಾಡಿ ಎತ್ತರ, ತೂಕ, ಅಗಲ ತುಂಬಬಹುದು. ಬಿಟ್ಟಿ ಆವೃತ್ತಿಯಲ್ಲಿ ಇಳಿಸಿಕೊಳ್ಳುವ ನಕ್ಷೆಗಳ ಸಂಖ್ಯೆಗೆ ಮಿತಿ ಇದೆ, ನಾಲ್ಕೈದು ರಾಜ್ಯ ಓಡಾಡುವವನಿಗೆ ಅಷ್ಟು ಸಾಕಾಗುತ್ತದೆ. ಪರದೆ ಮಾತ್ರ ಗೊಂದಲದ ಗೂಡು. ಮೊದಲ ದಿನ ಮಗಳನ್ನೋ ಅಳಿಯನನ್ನೋ ಪಕ್ಕದಲ್ಲಿ ಕೂರಿಸಿಕೊಂಡೇ ಹೊಂದಿಸಬೇಕು. ಅದೇ ನಕ್ಷೆ ಬಳಸುವ ಆರ್ಗ್ಯಾನಿಕ್ ಮ್ಯಾಪ್ಸ್ ನೋಡಲು ಸುಲಭ, ಅದರಲ್ಲಿ ಲಾರಿಯ ಲೆಕ್ಕ ಇಲ್ಲ.

ಇಷ್ಟಾದರೂ ಒಂದು ತೊಡಕಿದೆ. ಲಾರಿ 4 ಮೀಟರ್ ಎಂದು ಆಸ್ಮ್ಯಾಂಡ್‌ಗೆ ನೀವು ಹೇಳಿದಿರಿ. ಮುಂದಿನ ಕೆಳಸೇತುವೆ ಮೂರೂವರೆ ಮೀಟರ್ ಎಂದು ಅದಕ್ಕೆ ಹೇಳಬೇಕಾದವರು ಯಾರು? ನಮ್ಮ ಕಡೆಯ ಬಹುತೇಕ ಸೇತುವೆಗಳ ಎತ್ತರ, ಭಾರದ ಮಿತಿ ಆ ನಕ್ಷೆಯಲ್ಲಿ ಇನ್ನೂ ತುಂಬಿಲ್ಲ. ತುಂಬದ ಕಡೆ ಲಾರಿಯ ಪ್ರೊಫೈಲೂ ಕಾರಿನ ದಾರಿಯನ್ನೇ ತೋರಿಸುತ್ತದೆ. ಸದ್ಯಕ್ಕೆ ನಮ್ಮ ರಸ್ತೆಗಳಲ್ಲಿ ಲಾರಿಯ ದಾರಿಯನ್ನು ಪೂರ್ತಿ ಬಲ್ಲ ಬಿಟ್ಟಿ ಆ್ಯಪ್ ಒಂದೂ ಇಲ್ಲ.

ಹೀಗಿರುವಾಗ ಆ್ಯಪ್‌ಗಾಗಿ ನಾವು ಏನು ತೆರುತ್ತೇವೆ ಎಂಬ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ. ತೆರುವುದು ಹಣವನ್ನಲ್ಲ, ನಮ್ಮ ಓಡಾಟದ ಗುಟ್ಟನ್ನು.

ಉಪಗ್ರಹ ನಮ್ಮನ್ನು ನೋಡುತ್ತಿರುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ನೋಡುವುದಿಲ್ಲ. ಜಿಪಿಎಸ್ ಆಗಲಿ ನಮ್ಮ ಇಸ್ರೊದ ನಾವಿಕ್ ಆಗಲಿ, ಉಪಗ್ರಹ ಸಂಕೇತ ಕಳಿಸುತ್ತದೆ, ಫೋನು ಅದನ್ನು ಹಿಡಿದು ತಾನೆಲ್ಲಿದ್ದೇನೆಂದು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಆಕಾಶವಾಣಿ ಕೇಳಿದವರು ಯಾರೆಂದು ಆಕಾಶವಾಣಿಗೆ ತಿಳಿಯದ ಹಾಗೆ. ಗುಟ್ಟು ಹೊರಬೀಳುವುದು ಆಮೇಲೆ, ಆ ಲೆಕ್ಕವನ್ನು ಆ್ಯಪ್ ನೆಟ್ ಮೂಲಕ ಕಂಪನಿಯ ಸರ್ವರಿಗೆ ಕಳಿಸಿದಾಗ. ಟ್ರಾಫಿಕ್ಕಿನ ಕೆಂಪು, ಹಳದಿ, ಹಸಿರು ಗೆರೆ ಹುಟ್ಟುವುದು ಹೀಗೆ ಕಳಿಸಿದ ಲಕ್ಷಾಂತರ ಫೋನುಗಳಿಂದ. 2020ರಲ್ಲಿ ಸೈಮನ್ ವೆಕರ್ಟ್ ಎಂಬ ಕಲಾವಿದ 99 ಹಳೇ ಫೋನುಗಳನ್ನು ಒಂದು ಕೈಗಾಡಿಯಲ್ಲಿ ತುಂಬಿಕೊಂಡು ಬರ್ಲಿನ್ನಿನ ಖಾಲಿ ರಸ್ತೆಯಲ್ಲಿ ಎಳೆದುಕೊಂಡು ಹೋದ. ಗೂಗಲ್ ಮ್ಯಾಪ್ ಆ ರಸ್ತೆಗೆ ಕೆಂಪು ಬಳಿಯಿತು.

ಅಂದರೆ ಇದೊಂದು ವಿನಿಮಯ. ನಮ್ಮ ಓಡಾಟ ಅವರಿಗೆ, ಅವರ ಟ್ರಾಫಿಕ್ ಲೆಕ್ಕ ನಮಗೆ. ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗೆ, ಹೆಬ್ಬಾಳದಲ್ಲಿ, ಪುಣೆಯ ಹೊರವಲಯದಲ್ಲಿ ಈ ವಿನಿಮಯ ಲಾಭದ್ದೇ. ನೈಸ್ ರಸ್ತೆ ಹಿಡಿಯಬೇಕೋ ಬೇಡವೋ ಎಂಬ ತೀರ್ಮಾನದಲ್ಲಿ ಒಂದು ಗಂಟೆ ಉಳಿಯುತ್ತದೆ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ರಾತ್ರಿ ಎರಡು ಗಂಟೆಗೆ ನೆಟ್ಟಗೆ ಹೋಗುವ ಲಾರಿಗೆ ಆ ಟ್ರಾಫಿಕ್ ಗೆರೆಯಿಂದ ಸಿಗುವುದೇನು? ದಾರಿ ಡ್ರೈವರಿಗೆ ಕಣ್ಣುಮುಚ್ಚಿದರೂ ಗೊತ್ತು. ಆಗಲೂ ಫೋನು ಮಾತ್ರ ಕಳಿಸುತ್ತಲೇ ಇರುತ್ತದೆ: ಎಲ್ಲಿ ನಿಂತ, ಎಷ್ಟು ಹೊತ್ತು, ಯಾವ ಧಾಬಾ, ಯಾವ ಊರಿನ ಯಾವ ಬೀದಿ.

ನನ್ನ ಲೊಕೇಶನ್ನಿನಲ್ಲಿ ಯಾರಿಗೆ ಏನು ಸಿಕ್ಕೀತು ಎನ್ನುವವರಿಗೆ ಎರಡು ಸಂಗತಿ. 2013ರಲ್ಲಿ ಹದಿನೈದು ಲಕ್ಷ ಜನರ ಮೊಬೈಲ್ ಓಡಾಟವನ್ನು ಹೆಸರಿಲ್ಲದೆ ಪರಿಶೀಲಿಸಿದ ಸಂಶೋಧಕರು, ಯಾವುದೇ ನಾಲ್ಕು ಜಾಗ ಮತ್ತು ಹೊತ್ತು ಗೊತ್ತಾದರೆ ನೂರರಲ್ಲಿ 95 ಜನರನ್ನು ಗುಂಪಿನಿಂದ ಬೇರೆ ಮಾಡಿ ಗುರುತಿಸಬಹುದು ಎಂದು ತೋರಿಸಿದರು. ಹೆಸರು ತೆಗೆದರೆ ಗುರುತು ಹೋಗುವುದಿಲ್ಲ. ಇನ್ನೊಂದು: ಲೊಕೇಶನ್ ಹಿಸ್ಟರಿ ಬಂದ್ ಮಾಡಿದವರ ಜಾಡನ್ನೂ ಇನ್ನೊಂದು ಸೆಟ್ಟಿಂಗ್ ಮೂಲಕ ಇಟ್ಟುಕೊಂಡಿತೆಂಬ ವಿವಾದದಲ್ಲಿ ಗೂಗಲ್ 2022ರಲ್ಲಿ ಅಮೆರಿಕದ 40 ರಾಜ್ಯಗಳಿಗೆ 39.15 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಆ ಸೆಟ್ಟಿಂಗ್ ಹೆಸರು 'ವೆಬ್ ಮತ್ತು ಆ್ಯಪ್ ಚಟುವಟಿಕೆ'. ನಿಮ್ಮ ಫೋನಿನಲ್ಲೂ ಇದೆ, ಬಂದ್ ಮಾಡಬಹುದು. ನಂತರ ಗೂಗಲ್ ಓಡಾಟದ ಟೈಮ್‌ಲೈನನ್ನು ಸರ್ವರಿನಿಂದ ಫೋನಿಗೇ ಸ್ಥಳಾಂತರಿಸಿತು ಎಂಬುದನ್ನೂ ಹೇಳಬೇಕು. ಈಗ ದೊಡ್ಡ ಕಂಪನಿಗಿಂತ ನನಗೆ ಹೆಚ್ಚು ಭಯ ಸಣ್ಣಪುಟ್ಟ ಆ್ಯಪ್‌ಗಳದ್ದು. ಇಂಧನದ ದರ ತೋರಿಸುವ ಗ್ಯಾಸ್‌ಬಡ್ಡಿಯಂಥ ಆ್ಯಪ್‌ಗಳ ಒಳಗೆ ಗುಟ್ಟಾಗಿ ತಂತ್ರಾಂಶ ಸೇರಿಸಿ, ಜನ ಹೇಗೆ ಗಾಡಿ ಓಡಿಸುತ್ತಾರೆಂಬ ಮಾಹಿತಿ ಬಾಚಿ ವಿಮೆ ಕಂಪನಿಗಳಿಗೆ ಮಾರಿದರೆಂದು ಟೆಕ್ಸಸ್ ರಾಜ್ಯ 2025ರ ಜನವರಿಯಲ್ಲಿ ಆಲ್‌ಸ್ಟೇಟ್ ವಿಮೆ ಕಂಪನಿಯ ಮೇಲೆ ದಾವೆ ಹೂಡಿದೆ. ಡೀಸೆಲ್ ದರ, ಲೋಡ್ ಹುಡುಕಾಟ, ಸಾಲ, ಲೂಡೊ, ಎಲ್ಲಕ್ಕೂ 'ಸದಾ ಅನುಮತಿಸಿ' ಒತ್ತಿಕೊಂಡೇ ಬಂದ ಫೋನುಗಳು ನಮ್ಮ ಕ್ಯಾಬಿನ್ನುಗಳಲ್ಲಿ ಎಷ್ಟಿಲ್ಲ?

ಇದನ್ನೆಲ್ಲ ಹೇಳಿದರೆ ಡ್ರೈವರುಗಳಿಂದ ಬರುವ ಉತ್ತರ ಒಂದೇ: ನಮ್ಮನ್ನು ನೋಡದವರು ಯಾರಿದ್ದಾರೆ ಸಾರ್? ಮಾತು ಸುಳ್ಳಲ್ಲ. 2021ರ ಫೆಬ್ರವರಿಯಿಂದ ಕಡ್ಡಾಯವಾದ ಫಾಸ್ಟ್ಯಾಗ್ ಪ್ರತಿ ಟೋಲಿನಲ್ಲೂ ಹೊತ್ತು ಬರೆದುಕೊಳ್ಳುತ್ತದೆ. ಸರಕಿನ ಬೆಲೆ 50 ಸಾವಿರ ದಾಟಿದರೆ ಇ-ವೇ ಬಿಲ್. 2018ರ ಏಪ್ರಿಲ್ 1ರಂದು ರಾಜ್ಯದ ಒಳಗಿನ ಸಾಗಣೆಗೂ ಅದನ್ನು ಮೊದಲು ಜಾರಿ ಮಾಡಿದ್ದು ಕರ್ನಾಟಕವೇ. ದಿನಕ್ಕೆ 200 ಕಿ.ಮೀ. ಲೆಕ್ಕದಲ್ಲಿ ಅದರ ಅವಧಿ ಮುಗಿಯುತ್ತದೆ. ಲಾರಿಯಲ್ಲಿ ಮಾಲೀಕ ಹಾಕಿಸಿದ ಜಿಪಿಎಸ್ ಡಬ್ಬಿ ಬೇರೆ. ಇದೆಲ್ಲದರ ಮೇಲೆ ಸಿಮ್ ಟ್ರ್ಯಾಕಿಂಗ್. ಲೋಡ್ ಕೊಡುವ ಕಂಪನಿ ಡ್ರೈವರಿನ ನಂಬರ್ ಪಡೆಯುತ್ತದೆ, ಅವನಿಗೆ ಒಂದು ಎಸ್ಸೆಮ್ಮೆಸ್ ಬರುತ್ತದೆ, ಒಪ್ಪಿಗೆ ಕೊಟ್ಟರೆ ಯಾವ ಟವರಿನ ಕೆಳಗೆ ಅವನ ಫೋನಿದೆ ಎಂಬುದು ಕಂಪನಿಯ ಪರದೆಯಲ್ಲಿ ಮೂಡುತ್ತದೆ. ಸ್ಮಾರ್ಟ್‌ಫೋನ್ ಬೇಕಿಲ್ಲ, ಜಿಪಿಎಸ್ ಬೇಕಿಲ್ಲ, ಕೀಪ್ಯಾಡ್ ಫೋನಿಗೂ ನಡೆಯುತ್ತದೆ. ಒಪ್ಪಿಗೆ ಕೊಡದಿದ್ದರೆ ಲೋಡ್ ಇಲ್ಲ.

ಇಲ್ಲಿ ಒಂದು ಗೆರೆ ಎಳೆಯಬೇಕು. ಫಾಸ್ಟ್ಯಾಗ್, ಇ-ವೇ ಬಿಲ್, ಜಿಪಿಎಸ್ ಡಬ್ಬಿ ಹಿಂಬಾಲಿಸುವುದು ಲಾರಿಯನ್ನು. ಸರಕು ಇನ್ನೊಬ್ಬರದು, ಗಾಡಿ ಮಾಲೀಕನದು, ಅದೆಲ್ಲಿದೆ ಎಂದು ಅವರು ಕೇಳುವುದರಲ್ಲಿ ನ್ಯಾಯವಿದೆ. ಡ್ರೈವರ್ ಕೀಲಿ ಕೊಟ್ಟು ಇಳಿದರೆ ಆ ಲೆಕ್ಕ ಅಲ್ಲಿಗೆ ಮುಗಿಯಿತು. ಫೋನೂ ಸಿಮ್ಮೂ ಹಿಂಬಾಲಿಸುವುದು ಮನುಷ್ಯನನ್ನು. ಅವನು ಬಸ್ಸು ಹತ್ತಿ ಊರಿಗೆ ಹೋದರೆ ಅವು ಊರಿಗೆ ಹೋಗುತ್ತವೆ. ಡಾಕ್ಟರ ಬಳಿ ಹೋದರೆ ಅಲ್ಲಿಗೆ, ಸಂಘದ ಮೀಟಿಂಗಿಗೆ ಹೋದರೆ ಅಲ್ಲಿಗೆ, ಇನ್ನೊಬ್ಬ ಮಾಲೀಕನ ಬಳಿ ಕೆಲಸ ಕೇಳಲು ಹೋದರೆ ಅಲ್ಲಿಗೂ.

ಜಾಡು ಇರುವುದರಿಂದ ಉಪಕಾರವಿಲ್ಲವೆಂದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ, ಬೆಳಗಾವಿ ಕಡೆಯಿಂದ ಮರ ತುಂಬಿಕೊಂಡು ಹೊರಟಿದ್ದ ಕೇರಳದ ಲಾರಿಯೊಂದು ಕಾಣೆಯಾಯಿತು. ಲಾರಿಯ ಜಿಪಿಎಸ್ ಕೊನೆಯದಾಗಿ ತೋರಿಸಿದ್ದು ಅದೇ ಜಾಗವನ್ನು. ಮನೆಯವರು, ಮಾಲೀಕರು ಪಟ್ಟುಹಿಡಿದು ಹುಡುಕಿಸಿದ್ದು ಆ ಸುಳಿವಿನ ಬಲದಿಂದ. ಸೆಪ್ಟೆಂಬರ್ 25ರಂದು ಗಂಗಾವಳಿ ನದಿಯಿಂದ ಲಾರಿಯನ್ನೂ ಡ್ರೈವರಿನ ದೇಹವನ್ನೂ ಮೇಲೆತ್ತಿದರು. ಅಲ್ಲಿ ನೆರವಾದ ಆ ಸುಳಿವು ಕೂಡ ಲಾರಿಯ ಡಬ್ಬಿ ಕೊಟ್ಟದ್ದೇ. ಗಾಡಿಯ ಮೇಲೆ ಕಣ್ಣಿಡಲು ಗಾಡಿಯ ಡಬ್ಬಿ ಸಾಕು.

ಕಾನೂನು ಏನೆನ್ನುತ್ತದೆ? ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅದರ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಕಂಪನಿಗಳ ಮುಖ್ಯ ಹೊಣೆಗಳು ಹದಿನೆಂಟು ತಿಂಗಳ ನಂತರ ಜಾರಿ. ಆದರೆ ಆ ಕಾಯ್ದೆಯ 7ನೇ ಕಲಮಿನಲ್ಲಿ ಒಂದು ಕಿಂಡಿ ಇದೆ. ಉದ್ಯೋಗದ ಉದ್ದೇಶಕ್ಕೆ, ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕೆ, ನೌಕರನ ಮಾಹಿತಿಯನ್ನು ಅವನ ಒಪ್ಪಿಗೆ ಇಲ್ಲದೆಯೂ ಬಳಸಬಹುದು. ಡ್ರೈವರಿನ ಮಟ್ಟಿಗೆ ಈ ಕಾಯ್ದೆ ಅರ್ಧ ಬಾಗಿಲು ಎಂದೇ ನನ್ನ ಅಭಿಪ್ರಾಯ. ಪೂರ್ತಿ ಮುಚ್ಚಿಕೊಳ್ಳುವುದು ಸದ್ಯಕ್ಕೆ ಅವನ ಕೈಯಲ್ಲೇ ಇದೆ.

ಹೇಗೆ ಎಂದರೆ, ಒಂದು ಆ್ಯಪ್‌ಗೆ ಜೋತುಬೀಳುವುದು ಬೇಡ. ಹೆದ್ದಾರಿ, ಘಾಟಿ, ಹಳ್ಳಿದಾರಿಗೆ ನೆಟ್ ಬೇಡದ ಆಸ್ಮ್ಯಾಂಡ್, ಲಾರಿಯ ಅಳತೆ ತುಂಬಿ. ನೆಟ್‌ವರ್ಕ್ ಕೈಕೊಡುವ ಘಾಟಿಯಲ್ಲಿ ಹೇಗೂ ಅದೇ ಗತಿ. ದೊಡ್ಡ ಊರು ಸಮೀಪಿಸಿದಾಗ ಗೂಗಲ್ ಅಥವಾ ಮ್ಯಾಪಲ್ಸ್ ತೆರೆದು ಟ್ರಾಫಿಕ್ ನೋಡಿ, ದಾಟಿದ ಮೇಲೆ ಮುಚ್ಚಿ. ಲೊಕೇಶನ್ ಅನುಮತಿಯಲ್ಲಿ 'ಆ್ಯಪ್ ಬಳಸುವಾಗ ಮಾತ್ರ' ಎಂಬುದನ್ನೇ ಒತ್ತಿ. ದಾರಿ ಹೇಳದ ಆ್ಯಪ್‌ಗೆ ನಿಖರ ಲೊಕೇಶನ್ ಕೊಡಲೇಬೇಡಿ, ಆಂಡ್ರಾಯ್ಡ್ 12ರಿಂದೀಚೆಗೆ ಅಂದಾಜು ಲೊಕೇಶನ್ ಕೊಟ್ಟು ಸುಮ್ಮನಾಗಬಹುದು. ಮಾಲೀಕರು ಎಲ್ಲಿದ್ದೀಯ ಎಂದು ಪದೇ ಪದೇ ಕೇಳಿದರೆ ವಾಟ್ಸ್ಆ್ಯಪ್‌ನ ಲೈವ್ ಲೊಕೇಶನ್ ಕಳಿಸಿ. ಹೆಚ್ಚೆಂದರೆ 8 ಗಂಟೆ, ಆಮೇಲೆ ತಾನಾಗಿ ನಿಲ್ಲುತ್ತದೆ. ಸಿಮ್ ಟ್ರ್ಯಾಕಿಂಗ್ ತಪ್ಪಿಸಲಾಗದಿದ್ದರೆ ಲೋಡಿನ ಕೆಲಸಕ್ಕೆಂದೇ ಬೇರೆ ಸಿಮ್ ಹಾಕಿದ ಕೀಪ್ಯಾಡ್ ಫೋನೊಂದನ್ನು ಕ್ಯಾಬಿನ್ನಿನಲ್ಲೇ ಬಿಟ್ಟುಹೋಗುವುದು ಸರಿ. ಅನ್‌ಲೋಡ್ ಆದ ಮೇಲೆ ಒಪ್ಪಿಗೆ ಹಿಂತೆಗೆದುಕೊಳ್ಳುವ ಬಗೆ ಹೇಗೆಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೇಳಿ. ಕೇಳಿದವರಿಗೆ ಹೇಳುತ್ತಾರೆ, ಕೇಳದವರಿಗೆ ಯಾರೂ ಹೇಳುವುದಿಲ್ಲ.

ಮಾಲೀಕರಲ್ಲಿ ಒಂದು ಕೋರಿಕೆ: ಲಾರಿಯಲ್ಲಿ ಡಬ್ಬಿ ಇದೆ ಎಂದಾದರೆ ಡ್ರೈವರಿನ ಸ್ವಂತ ನಂಬರನ್ನು ಟ್ರ್ಯಾಕಿಂಗಿಗೆ ಕೊಡಬೇಡಿ. ಲಾರಿ ಓಡಿಸದ ಓದುಗರಲ್ಲಿ ಇನ್ನೊಂದು: ನಿಮ್ಮೂರಿನ ರೈಲ್ವೆ ಕೆಳಸೇತುವೆಯ ಹೈಟ್ ಗೇಜ್ ಮೇಲೆ ಎಷ್ಟು ಮೀಟರ್ ಎಂದು ಬರೆದಿರುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರು ಬೇಕಾದರೂ ಖಾತೆ ತೆರೆದು ಆ ಅಂಕಿಯನ್ನು ಸೇರಿಸಬಹುದು. ಕೆಲಸ ಹತ್ತು ನಿಮಿಷದ್ದು. ಈ ಭಾನುವಾರವೇ ಮಾಡಿ.